ಪಟ್ಟಿ ಡಾಕ್ಟರ ಕೈಗುಣ

ನನ್ನ ಅಕ್ಕನ ಗಂಡನಿಗೆ ದೋಣಿಕಟ್ಟೆಯಲ್ಲಿ ಪಟ್ಟಿ ಡಾಕ್ಟರು ಅಂತ ಹೆಸರು. ಎದುರಿಗೆ ನಾನು ಭಾವ, ನೀವು, ತಾವು ಅನ್ನುತ್ತೇನೆ. ಇಲ್ಲಿ ಆ ಉಪಚಾರ ಬೇಡ. ದೋಣಿಯ ಹಿಂಬದಿಗೆ ಸಿಕ್ಕಿಸುವ ಇಂಜಿನ್‌ಗಳ ರಿಪೇರಿ ಅವನ ಕಸುಬು. ವೈರಿನ ಮೈ ಸವೆದು ತಾಮ್ರ ಕಂಡರೆ ಕಪ್ಪು ಟೇಪು ಸುತ್ತುತ್ತಾನೆ. ಟೇಪು ಸಡಿಲವಾದರೆ ಅದರ ಮೇಲೆ ಇನ್ನೊಂದು ಸುತ್ತು. ಗೇಲಿಗೆಂದು ಇಟ್ಟ ಹೆಸರನ್ನು ಬಿರುದು ಅಂದುಕೊಂಡು ಶೆಡ್ಡಿನ ಬಾಗಿಲ ಮೇಲೆ ಬಣ್ಣದಲ್ಲಿ ಬರೆಸಿಕೊಂಡಿದ್ದಾನೆ.

ಮನೆಯಲ್ಲೂ ಅದೇ ವೈದ್ಯ. ಇಸ್ತ್ರಿಪೆಟ್ಟಿಗೆಯ ವೈರಿಗೆ ಟೇಪು, ಛತ್ರಿಯ ಹಿಡಿಗೆ ಟೇಪು, ಅವನ ಕನ್ನಡಕದ ಕಾಲಿಗೂ ಟೇಪು. "ನನ್ನ ಬಾಯಿಗೊಂದು ಸುತ್ತಿಲ್ಲ, ಅದಕ್ಕೆ ಧೈರ್ಯ ಸಾಲ್ದು ಅಷ್ಟೇ" ಅನ್ನುತ್ತಾಳೆ ಅಕ್ಕ.

ಹೊಸ ವೈರು ಹಾಕಿ ಅಂತ ಯಾರಾದರೂ ಕೇಳಿದರೆ ಮುಗಿಯಿತು, ಬಡಾಯಿ ಶುರು. "ನನ್ನ ಕೈ ಮುಟ್ಟಿದ ಇಂಜಿನ್ ನಡುನೀರಲ್ಲಿ ನಿಂತಿದ್ದನ್ನ ತೋರಿಸ್ಲಿ ನೋಡೋಣ, ಮೀಸೆ ಬೋಳಿಸ್ಕೋತೀನಿ." ಅದೇನೋ ನಿಜವೇ. ಅವನು ಮುಟ್ಟಿದ ಇಂಜಿನ್ ನಡುನೀರಲ್ಲಿ ನಿಲ್ಲುತ್ತಿರಲಿಲ್ಲ, ದಡದಲ್ಲೂ ನಿಲ್ಲುತ್ತಿರಲಿಲ್ಲ. ಕೆಂಪು ಗುಂಡಿ ಒತ್ತಿದರೆ ಆರಬೇಕಾದದ್ದು ಆರದೆ, ಜನ ಚೋಕು ಎಳೆದು ಉಸಿರು ಕಟ್ಟಿಸಿ ನಿಲ್ಲಿಸುತ್ತಿದ್ದರು. ಕೇಳಿದರೆ, "ಗುಂಡಿ ಹಳೇದಾಯ್ತು ಕಣ್ರೀ, ನೀರಿಗೆ ಕೊಳೆತಿದೆ" ಅನ್ನುತ್ತಿದ್ದ. ನಾವೂ ಕೋಲೆಬಸವನ ಹಾಗೆ ತಲೆಯಾಡಿಸುತ್ತಿದ್ದೆವು.

ಅವರ ಒಬ್ಬಳೇ ಮಗಳು ದೋಣಿ ನಡೆಸುತ್ತಾಳೆ, ಜನರನ್ನು ಆಚೆ ದಡಕ್ಕೆ ಸಾಗಿಸುತ್ತಾಳೆ. ಅವಳ ಇಂಜಿನ್ ಅವಳಿಗಿಂತ ಹಳೆಯದು. ಅದರ ಕೆಂಪು ಗುಂಡಿಗೆ ಒಂದು ಕ್ಲಿಪ್ಪು, ಕ್ಲಿಪ್ಪಿಗೆ ಒಂದು ದಾರ. ನಡೆಸುವವರು ಆ ದಾರವನ್ನು ಮಣಿಕಟ್ಟಿಗೆ ಹಾಕಿಕೊಳ್ಳಬೇಕು. ನೀರಿಗೆ ಬಿದ್ದರೆ ಕ್ಲಿಪ್ಪು ಕಳಚಿ ಇಂಜಿನ್ ಆರಿಹೋಗುತ್ತದೆ. ದಾರ ಹಾಕಿಕೊಳ್ಳದೆ ಆ ಹುಡುಗಿ ಹೊರಟಿದ್ದನ್ನು ನಾನು ಕಂಡಿಲ್ಲ. ಕಟ್ಟೆಯ ಎದುರಿಗೇ ನನ್ನ ಹಗ್ಗ, ಬಕೆಟ್ಟಿನ ಅಂಗಡಿ, ಎಲ್ಲ ಕಾಣುತ್ತದೆ.

ಇತ್ತೀಚೆಗೆ ಆ ಇಂಜಿನ್ ದಾರಿಯಲ್ಲಿ ಇದ್ದಕ್ಕಿದ್ದಂತೆ ಆರತೊಡಗಿತು. ಅವಳೇ ಮುಚ್ಚಳ ತೆಗೆದು ನೋಡಿದಳು.

"ಅಪ್ಪ, ಗುಂಡಿಯ ವೈರು ತೂತಿನ ಅಂಚಿಗೆ ಉಜ್ಜಿ ಸವೆದಿದೆ. ಕಬ್ಬಿಣಕ್ಕೆ ತಾಗಿದಾಗೆಲ್ಲ ಇಂಜಿನ್ ಆರ್ತಿದೆ. ಹೊಸದು ಹಾಕೋಣ."

"ನನಗೇ ಪಾಠ ಹೇಳ್ತೀಯಾ? ಬಿಟ್ಟು ಹೋಗು, ಬೆಳಿಗ್ಗೆ ನೋಡು."

ಬೆಳಿಗ್ಗೆ ಇಂಜಿನ್ ಒಂದೇ ಎಳೆತಕ್ಕೆ ಹತ್ತಿತು. ತನ್ನ ಕೈಗುಣ ಊರಿಗೆಲ್ಲ ಕಾಣಲಿ ಅಂತ ಭಾವನೂ ಹೊಸ ಅಂಗಿ ತೊಟ್ಟು ದೋಣಿಯ ಮುಂತುದಿಯಲ್ಲಿ ಕೂತ. ಜನರನ್ನು ಹತ್ತಿಸಿಕೊಂಡಿರಲಿಲ್ಲ, ಅಪ್ಪ ಮಗಳು ಇಬ್ಬರೇ ಹೊರಟರು. ಒಂದು ದೊಡ್ಡ ಮರಳು ದೋಣಿ ಪಕ್ಕದಲ್ಲೇ ಹಾದುಹೋಯಿತು. ಅದರ ಅಲೆಗೆ ನಮ್ಮ ದೋಣಿ ಎಗರಿತು, ಹುಡುಗಿ ನೀರಿಗೆ ಬಿದ್ದಳು.

ದಾರ ಎಳೆಯಿತು, ಕ್ಲಿಪ್ಪು ಕಳಚಿತು. ಇಂಜಿನ್ ಆರಲಿಲ್ಲ. ಹಿಡಿಕೆ ಹಿಡಿಯುವವರಿಲ್ಲದ ದೋಣಿ ಗಿರ್ರನೆ ತಿರುಗಿ, ಸುತ್ತು ಹಾಕಿ ಅವಳ ಮೇಲೆಯೇ ಬಂತು. ಅವಳು ಮುಳುಗಿದಳು. ತಲೆ ಎತ್ತುವಷ್ಟರಲ್ಲಿ ಮತ್ತೆ ಬಂತು. ಭಾವ ಅಂಬೆಗಾಲಿಟ್ಟು ಹಿಂದಕ್ಕೆ ಹೋಗಿ ಚೋಕಿನ ಗುಬುಟು ಎಳೆದ. ಗುಬುಟು ಕೈಗೇ ಬಂತು. ಅದಕ್ಕೂ ಟೇಪೇ ಸುತ್ತಿದ್ದ. ಆಮೇಲೆ ಪೆಟ್ರೋಲಿನ ಪೈಪು ಕಿತ್ತ. ಒಳಗೆ ಉಳಿದದ್ದು ಸುಟ್ಟು ಮುಗಿಯುವ ತನಕ ದೋಣಿ ಸುತ್ತುತ್ತಲೇ ಇತ್ತು.

ಕೊನೆಗೆ ಇಂಜಿನ್ ಆರಿತು. ಹುಡುಗಿ ಈಜಿಕೊಂಡು ದಡಕ್ಕೆ ಬಂದಳು. ಅವಳ ಹಿಂದೆ ಅವಳದೇ ಒಂದು ಚಪ್ಪಲಿ ತೇಲಿಬಂತು, ಇಂಜಿನ್ನಿನ ರೆಕ್ಕೆಗೆ ಸಿಕ್ಕಿ ಎರಡು ತುಂಡಾಗಿ.

ದೋಣಿಯನ್ನು ಕಟ್ಟೆಗೆ ಎಳೆದು ತಂದ ಮೇಲೆ ಅವಳು ಒದ್ದೆ ಬಟ್ಟೆಯಲ್ಲೇ ಇಂಜಿನ್ ಬಿಚ್ಚಿದಳು. ಬ್ಲೇಡಿನಿಂದ ಟೇಪು ಕೊಯ್ದು ಸುಲಿಯುತ್ತಾ ಹೋದಳು. ಕಟ್ಟೆಯ ಜನವೆಲ್ಲ ಸುತ್ತ ನಿಂತಿದ್ದರು, ಸುದ್ದಿ ಕೇಳಿ ಅಕ್ಕನೂ ಬಂದಿದ್ದಳು. ಒಳಗೆ ಗುಂಡಿಯ ವೈರು ಕೂಡಿರಲೇ ಇಲ್ಲ. ಕತ್ತರಿಸಿದ ಎರಡು ತುದಿಗಳು ಒಂದಕ್ಕೊಂದು ಮುಟ್ಟದೆ ದೂರ ಕೂತಿದ್ದವು, ಎರಡಕ್ಕೂ ಅಂದವಾಗಿ ಪಟ್ಟಿ ಕಟ್ಟಿತ್ತು. ಇಷ್ಟು ವರ್ಷದ ಕೈಗುಣವೆಂದರೆ ಇಷ್ಟೇ.

"ಇದು ರಿಪೇರಿನಾ ಅಪ್ಪ?"

"ವೈರು ತಾಗಿದ್ರೆ ತಾನೇ ಆರೋದು? ಕತ್ತರಿಸಿಬಿಟ್ರೆ ಆರಲ್ಲ. ನೀನು ನಡುನೀರಲ್ಲಿ ಸಿಕ್ಕಿಹಾಕ್ಕೋಬಾರ್ದು ಅಂತ ಮಾಡ್ದೆ, ಮಗಾ."

"ಈಗ ನಾನೆಲ್ಲಿದ್ದೆ?"

ಒಂದು ಕ್ಷಣ ನನಗೆ ಅಯ್ಯೋ ಅನ್ನಿಸಿತು, ಅವನು ಸುಳ್ಳು ಹೇಳುತ್ತಿರಲಿಲ್ಲ. ಆಮೇಲೆ ಆ ಚಪ್ಪಲಿ ಕಣ್ಣಿಗೆ ಬಿತ್ತು, ಕನಿಕರ ಹಾರಿಹೋಯಿತು. ಮೀಸೆ ಮಾತ್ರ ಅವನಿಗೆ ಉಳಿಯಿತು; ಇಂಜಿನ್ ನಿಲ್ಲಲಿಲ್ಲವಲ್ಲ.

ಅವಳು ಅವನನ್ನು ಕೂರಿಸಿ ಅವನ ಕೈಯಲ್ಲೇ ಹೊಸ ವೈರು ಹಾಕಿಸಿದಳು. ತೂತಿನ ಅಂಚಿಗೆ ರಬ್ಬರಿನ ಬಳೆ, ಜೋಡಣೆಗೆ ಬೆಸುಗೆ. ಅಭ್ಯಾಸಬಲದಿಂದ ಅವನ ಕೈ ಟೇಪಿನ ಕಡೆ ಹೋಯಿತು. ಅವಳು ಸುರುಳಿಯನ್ನು ಎತ್ತಿ ಅಕ್ಕನ ಕೈಗೆ ಕೊಟ್ಟಳು. ಅಕ್ಕ ಅದನ್ನು ಒಯ್ದು ಶೆಡ್ಡಿನ ಬಾಗಿಲ ಮೇಲಿನ ಡಾಕ್ಟರು ಅನ್ನುವ ಅಕ್ಷರಗಳ ಮೇಲೆ ಅಂಟಿಸಿ ಬಂದಳು. ಟೇಪು ಒಳ್ಳೆಯ ಕೆಲಸಕ್ಕೆ ಬಿದ್ದದ್ದು ಅದೇ ಮೊದಲು.

ಈಗ ದಿನಾ ಬೆಳಿಗ್ಗೆ ಜನ ಹತ್ತುವ ಮೊದಲು ಅವಳು ಇಂಜಿನ್ ಹಚ್ಚಿ, ದಾರವನ್ನು ಅವನ ಮಣಿಕಟ್ಟಿಗೆ ಹಾಕುತ್ತಾಳೆ. ಅವನು ಎಳೆಯಬೇಕು, ಇಂಜಿನ್ ಆರಬೇಕು, ಆಮೇಲೆ ಜನ ಹತ್ತಬೇಕು. ಮೊದಲ ದಿನ ಒಂದು ಸಲ ಎಳೆದು, ಯಾರ ಮುಖವನ್ನೂ ನೋಡದೆ ಇಳಿಯಲು ಹೊರಟ. ಅವಳು ಮತ್ತೆ ಇಂಜಿನ್ ಹಚ್ಚಿದಳು.

"ಇನ್ನೊಂದ್ಸಲ ಎಳಿ, ಅಪ್ಪ."

ಅವನು ತಲೆ ತಗ್ಗಿಸಿದ. ಅವಳ ಕಾಲಲ್ಲಿ ಹೊಸ ಚಪ್ಪಲಿ ಇತ್ತು. ಅದನ್ನೇ ನೋಡುತ್ತಾ ಎಳೆದ.