ಕಲ್ಲಿನ ಲೋಡಿಗೆ ತುಂಬಿದ ಗಾಳಿ

ಹುಳುಮನೆಯ ಮುಂದೆ ಆ ಬೆಳಿಗ್ಗೆ ಇದ್ದವರು ಮೂರೇ ಜನ. ಅವ್ವ, ಅತ್ತಿಗೆ, ಮತ್ತೆ ಮಿನಿ ಲಾರಿಗೆ ಒರಗಿಕೊಂಡು ಕಾಫಿ ಕುಡಿಯುತ್ತಿದ್ದ ನಾನು. ಅಣ್ಣ ತೋಟಕ್ಕೆ ನೀರು ಹಾಯಿಸಲು ಹೋಗಿದ್ದ. ಸಾತನೂರಿನ ಸುತ್ತ ಆಗ ಯಾರ ಮನೆಗೆ ಹೋದರೂ ಕಾಲು ಚಾಚಲು ಜಾಗವಿರುತ್ತಿರಲಿಲ್ಲ, ಎಲ್ಲೆಲ್ಲೂ ರೇಷ್ಮೆಹುಳುವಿನ ತಟ್ಟೆಗಳೇ. ನಮ್ಮಲ್ಲಿ ಹುಳು ಸಾಕುವುದು ಅವ್ವನ ಯಜಮಾನಿಕೆ. ಆ ಸಲ ಮಾತ್ರ ಅತ್ತಿಗೆ, "ಒಂದ್ ಬೆಳೆ ನನ್ ಕೈಗೆ ಕೊಟ್ ನೋಡಿ ಅತ್ತೆ" ಎಂದು ಕೇಳಿ ಪಡೆದಿದ್ದಳು. ರೇಷ್ಮೆಗೂಡಿಗೆ ಒಳ್ಳೆಯ ಬೆಲೆ ಬಂದರೆ ಮುಂದಕ್ಕೂ ಹುಳು ಅವಳದೇ, ಕೆಟ್ಟರೆ ಇಲ್ಲ ಎಂದು ಅವ್ವ ಎಲ್ಲರ ಮುಂದೆ ಹೇಳಿದ್ದಳು. ಹುಳು ಗೂಡು ಕಟ್ಟಲು ಹತ್ತಿದ ದಿನದಿಂದ ಅತ್ತಿಗೆ ಗೋಡೆಗೆ ಸುಣ್ಣದ ಗೀಟು ಎಳೆಯುತ್ತಾ ಬಂದು, ಒಳಗಿನ ಹುಳು ಬಲಿಯಲೆಂದು ಆರು ಗೀಟಾದ ಮೇಲೆಯೇ ಗೂಡು ಬಿಡಿಸಿದ್ದಳು.

ಹಿಂದಿನ ದಿನ ನಾನು ಕನಕಪುರದ ಕಡೆ ಕಲ್ಲಿನ ಲೋಡು ಹೊಡೆದಿದ್ದೆ. ಅದಕ್ಕೆಂದು ಟೈರಿಗೆ ಎಂಬತ್ತು ಪೌಂಡು ಗಾಳಿ ತುಂಬಿಸಿದ್ದೆ. ಸಂಜೆ ಪಂಚರ್ ಅಂಗಡಿಯ ಸಾಬರು ಸುತ್ತಿಗೆಯಿಂದ ಟೈರು ಬಡಿದು ನೋಡಿ, "ನಾಳೆ ಗೂಡು ಅಂತೀಯ. ಗೂಡಿಗೆ ತೂಕ ಎಲ್ಲೈತಪ್ಪಾ? ಒಸಿ ಗಾಳಿ ಇಳಿಸ್ಕೋ. ಇಲ್ದಿದ್ರೆ ಗಾಡಿ ಕುಣೀತದೆ" ಅಂದರು.

"ನಾಡಿದ್ದು ಮತ್ತೆ ಕಲ್ಲೇ ಸಾಬ್ರೇ. ಇಳ್ಸಿ ತುಂಬ್ಸಿ ಯಾರ್ ಸಾಯ್ತಾರೆ?"

"ನೀನ್ ಸಾಯಲ್ಲ ಬುಡು. ಒಳಗಿನ ಹುಳ ಸಾಯ್ತದೆ."

ನಾನು ನಕ್ಕು ಬಂದುಬಿಟ್ಟೆ.

ಆ ಬೆಳಿಗ್ಗೆ ಗೂಡಿನ ಚೀಲ ಹೇರಿಕೊಂಡು ನಾನೂ ಅತ್ತಿಗೆಯೂ ಮಾರುಕಟ್ಟೆಗೆ ಹೊರಟೆವು. ಚನ್ನಪಟ್ಟಣದ ರಸ್ತೆಯಲ್ಲಿ ಆಗ ಡಾಂಬರಿಗಿಂತ ಗುಂಡಿಯೇ ಹೆಚ್ಚು. ಪಕ್ಕದಲ್ಲಿ ಕೂತ ಅತ್ತಿಗೆ ಪ್ರತಿ ಗುಂಡಿಗೂ ಹಿಂದೆ ತಿರುಗಿ ಚೀಲ ನೋಡುವಳು.

"ಯಾಕಪ್ಪಾ ಇಂಗೆ ಎಗರ್ತದೆ?"

"ರೋಡ್ ಹಂಗೈತೆ ಕಣತ್ಗೆ."

"ಒಸಿ ನಿಧಾನಕ್ಕೋಗಪ್ಪಾ."

"ನಿಧಾನಕ್ಕೋದ್ರೆ ಮಾರ್ಕೆಟ್ ಮುಗ್ದೋಯ್ತದೆ."

ರಾಮನಗರದ ಮಾರುಕಟ್ಟೆಯಲ್ಲಿ ಚೀಲಗಳನ್ನು ಸುರಿದೆವು. ಕ್ಯಾಬಿನ್ನಿಗೆ ಒತ್ತಿಕೊಂಡಿದ್ದ ಚೀಲಗಳ ಗೂಡು ಚೊಕ್ಕವಾಗಿತ್ತು. ಹಿಂದಿನ ಗಾಲಿಯ ಮೇಲೆ ಕೂತಿದ್ದ ಚೀಲಗಳ ಗೂಡಿಗೆ ಕಂದು ಕಲೆ. ಒಂದೇ ಬೆಳೆ, ಒಂದೇ ದಿನ ಬಿಡಿಸಿದ್ದು. ಯಾವ ಚೀಲ ಎಲ್ಲಿತ್ತು ಎಂದು ಗೊತ್ತಿದ್ದವನು ಲೋಡು ಮಾಡಿದ ನಾನೊಬ್ಬನೇ. ಕೊಳ್ಳಲು ಬಂದ ನೂಲು ತೆಗೆಯುವವನು ಒಂದು ಗೂಡು ಕತ್ತರಿಸಿದ. ಹುಳು ಒಳಗೇ ಒಡೆದು ರಸ ಅಂಟಿಕೊಂಡಿತ್ತು.

"ಏನಮ್ಮಾ, ಹುಳ ಬಲಿಯೋಕ್ ಮುಂಚೇನೆ ಗೂಡು ಬಿಡಿಸ್ಬುಟ್ಟಿದ್ದೀಯಾ?"

"ಇಲ್ಲಣ್ಣ, ಆರ್ ದಿನ ಆಗಿತ್ತು" ಎಂದು ಅತ್ತಿಗೆ ಬೆರಳು ಮಡಿಸಿ ಎಣಿಸತೊಡಗಿದಳು. ನಾಲ್ಕಕ್ಕೆ ಬಂದು ತಡವರಿಸಿ ನನ್ನ ಮುಖ ನೋಡಿದಳು. ನಾನು ಬಗ್ಗಿ, ಆಗಲೇ ಖಾಲಿಯಾಗಿದ್ದ ಚೀಲದ ಬಾಯಿ ಕಟ್ಟುತ್ತಾ ಕೂತೆ.

ಗೂಡು ಕಡಿಮೆ ಬೆಲೆಗೆ ಹೋಗಿದ್ದರೂ ಮನೆಯಲ್ಲಿ ಅವ್ವ ಹೆಚ್ಚು ಕೂಗಾಡಲಿಲ್ಲ. "ಅವಸ್ರ ಮಾಡ್ಬುಟ್ಟೆ ಕಣವ್ವಾ" ಅಂದಳು, ಅಷ್ಟೇ. ಊಟಕ್ಕೆ ಬಡಿಸಿದವಳು ಅತ್ತಿಗೆಯೇ. "ಬೆಳಗ್ಗಿಂದ ಗಾಡಿ ಓಡ್ಸಿದ್ದೀಯಾ, ಇನ್ನೊಂದ್ ಮುದ್ದೆ ಆಕಿಸ್ಕೊ" ಅಂದಳು. ಹಾಕಿಸಿಕೊಂಡೆ. ತಿಂದೆ ಕೂಡ. ಇವತ್ತಿಗೂ ಅದನ್ನು ನೆನೆದರೆ ಕೈ ತೊಳೆಯಬೇಕೆನಿಸುತ್ತದೆ.

ಒಂದು ವಾರದ ಮೇಲೆ ಸಾಬರ ಅಂಗಡಿಗೆ ಹೋಗಿ, ಐದೈದೇ ಪೌಂಡು ಇಳಿಸುತ್ತಾ ಅದೇ ರಸ್ತೆಯಲ್ಲಿ ಖಾಲಿ ಲಾರಿ ಓಡಿಸಿದೆ. ಐವತ್ತಕ್ಕೆ ಬಂದಾಗ ಗಾಡಿ ಗುಂಡಿಗಳ ಮೇಲೆ ಮೆತ್ತಗೆ ಏರಿಳಿಯುತ್ತಾ ಹೋಯಿತು. ಎಂಬತ್ತರಿಂದ ಅಲ್ಲಿಗೆ ಇಳಿಸಲು ಒಂದು ಟೀ ಕುಡಿಯುವಷ್ಟು ಹೊತ್ತೂ ಬೇಕಿರಲಿಲ್ಲ. ಸಾಬರು ಏನೂ ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆನೇನೋ. ಮನೆಯಲ್ಲಿ ಮಾತ್ರ, ಹೇಳಬೇಕೆಂದು ಬಾಯಿ ತೆರೆದಾಗಲೆಲ್ಲ ಬೇರೇನೋ ಮಾತು ಬರುತ್ತಿತ್ತು.

ಮುಂದಿನ ಬೆಳೆಗೆ ಮರಿಹುಳುಗಳನ್ನು ನನ್ನ ಲಾರಿಯಲ್ಲೇ ತಂದೆ. ಅವ್ವ ತಟ್ಟೆಗಳನ್ನು ಒಂದೊಂದಾಗಿ ತಾನೇ ಇಳಿಸಿಕೊಂಡು ಹುಳುಮನೆಯೊಳಗೆ ಹೋದಳು. ಅತ್ತಿಗೆ ಕುಡುಗೋಲು ತೆಗೆದುಕೊಂಡು ಸೊಪ್ಪು ಕೊಯ್ಯಲು ತೋಟಕ್ಕೆ ಹೋದಳು.