ನಾಲ್ಕು ಪುಸ್ತಕಗಳ ನಡುವೆ ಬಿಟ್ಟುಹೋದ ಭಾಗಾಕಾರ

ನನ್ನ ನೆಗೆಣ್ಣಿಯ ಮೇಲೆ ನನಗೆ ಹೊಟ್ಟೆಕಿಚ್ಚು ಇತ್ತು ಎಂದು ಮೊದಲೇ ಹೇಳಿಬಿಡುತ್ತೇನೆ. ಆಕೆ ನನ್ನ ಗಂಡನ ಅಣ್ಣನ ಹೆಂಡತಿ. ಔರಾದ ತಾಲ್ಲೂಕಿನ ಠಾಣಾ ಕುಶನೂರಿನ ಮಗಳು, ಭಾಲ್ಕಿಯ ಸೊಸೆ. ಪಿಯುಸಿ ಕಲಾ ವಿಭಾಗ, ಅದೂ ಎರಡನೇ ಸಲಕ್ಕೆ ಪಾಸು. ನಾನು ಗಣಿತದಲ್ಲಿ ಬಿ.ಎಸ್ಸಿ. ಈ ವ್ಯತ್ಯಾಸವನ್ನು ಯಾರ ಮುಂದೆಯೂ ಆಡಿ ತೋರಿಸಿಲ್ಲ. ಮನಸ್ಸಿನಲ್ಲಿ ಮಾತ್ರ ದಿನಕ್ಕೆರಡು ಸಲ ಆಡಿಕೊಂಡಿದ್ದೇನೆ.

ನನ್ನ ಮಗಳು ಐದನೇ ತರಗತಿಯಲ್ಲಿದ್ದಾಗ ಗಣಿತದ ಪರೀಕ್ಷೆ ಇದ್ದ ದಿನ ಬೆಳಿಗ್ಗೆ ವಾಂತಿ ಮಾಡಿಕೊಳ್ಳುತ್ತಿದ್ದಳು. ಗಣಿತ ಓದಿದ ತಾಯಿಯ ಮಗಳಿಗೆ ಗಣಿತದ ಭಯ! ನನಗೆ ಅವಮಾನವಾದಷ್ಟು ಅವಳಿಗೆ ಸಂಕಟ ಆಗಿತ್ತೋ ಇಲ್ಲವೋ. ಶಾಲೆ ಬಿಡಿಸಿದೆ. ಬೀದರಿನ ಗಾಂಧಿ ಗಂಜದ ಹಿಂದಿನ ನಮ್ಮ ಮನೆಯಲ್ಲೇ ಮೂರು ವರ್ಷ ಕಲಿಸಿ, ಎಂಟನೆಯದಕ್ಕೆ ಹೈಸ್ಕೂಲಿಗೆ ಸೇರಿಸುವುದೆಂದು ತೀರ್ಮಾನಿಸಿದೆವು. ಅಲ್ಲಿ ಬೀಜಗಣಿತ ಜೋರಾಗಿ ಹಿಡಿದುಕೊಳ್ಳುತ್ತದೆ. ಅಷ್ಟರೊಳಗೆ ಅಂಕಗಣಿತ ಗಟ್ಟಿಯಾಗಬೇಕು, ಭಯ ಹೋಗಬೇಕು. ಇಲ್ಲದಿದ್ದರೆ ಮತ್ತೆ ಆ ವಾಂತಿ, ಮತ್ತೆ ಆ ಮುಖ.

ಹಾಗಾಗಿ ನಾನು ಪುಸ್ತಕಗಳ ಬೆನ್ನು ಹತ್ತಿದೆ. ರಾಜ್ಯದ ಪಠ್ಯಪುಸ್ತಕ ಒಂದು, ಕೇಂದ್ರದ್ದು ಇನ್ನೊಂದು. ಲೆಕ್ಕವನ್ನು ಚಿತ್ರ ಬರೆದು ಬಿಡಿಸುವ ವಿದೇಶಿ ಸರಣಿಯೊಂದನ್ನು ಇಂಟರ್ನೆಟ್ಟಿನಲ್ಲಿ ಕಂಡು, ಝೆರಾಕ್ಸ್ ಅಂಗಡಿಯಲ್ಲಿ ಮೊದಲ ಭಾಗ ಪ್ರಿಂಟ್ ಹಾಕಿಸಿದೆ. ಬಾಯಿಲೆಕ್ಕದ ಅಭ್ಯಾಸ ಹಾಳೆಗಳ ಪುಸ್ತಕ ನಾಲ್ಕನೆಯದು. ಗೋಡೆಗೆ ಒಂದು ದೊಡ್ಡ ಪಟ್ಟಿ ಅಂಟಿಸಿ, ಯಾವ ಪಾಠ ಯಾವ ಪುಸ್ತಕದಿಂದ ಎಂದು ನಾಲ್ಕು ಬಣ್ಣದಲ್ಲಿ ಬರೆದೆ. ಒಂದೇ ಪಾಠ ಎರಡು ಕಡೆ ಇದ್ದರೆ ಒಂದನ್ನು ಹೊಡೆದು ಹಾಕಿದೆ. ಇದೇನು ಎಳ್ಳಮಾವಾಸ್ಯೆಯ ಭಜ್ಜಿಯೇ, ಸಿಕ್ಕ ಕಾಳು ಸಿಕ್ಕ ಪಲ್ಯ ಎಲ್ಲ ಹಾಕುತ್ತೀಯಲ್ಲ ಎಂದು ಗಂಡ ಚಾಷ್ಟಿ ಮಾಡಿದರು. ನನಗೆ ಆ ಪಟ್ಟಿ ಎಷ್ಟು ಚಂದ ಕಂಡಿತ್ತೆಂದರೆ ಫೋಟೋ ತೆಗೆದು ಭಾಲ್ಕಿಗೆ ಕಳಿಸಿದೆ.

ಅದೇ ನಾನು ಮಾಡಿದ ತಪ್ಪು ಎಂದು ಆಮೇಲೆ ಎಷ್ಟೋ ದಿನ ಅಂದುಕೊಂಡೆ. ನೆಗೆಣ್ಣಿ ಫೋಟೋ ನೋಡಿ, ತನ್ನ ಮಗಳಿಗೂ ಮನೆಯಲ್ಲೇ ಕಲಿಸಲು ಕೂತಳು. ನನ್ನ ಮಗಳ ವಾರಗೆಯ ಹುಡುಗಿ ಅದು. ಆಕೆಯ ಬಳಿ ಪಟ್ಟಿ ಇಲ್ಲ, ಬಣ್ಣ ಇಲ್ಲ. ರಾಜ್ಯದ ಪಠ್ಯಪುಸ್ತಕ ಒಂದೇ, ಅದನ್ನೇ ಮೊದಲ ಪುಟದಿಂದ. ನಾನು ಒಳಗೊಳಗೇ ನಕ್ಕೆ. ನಾಲ್ಕಾರು ತಿಂಗಳಲ್ಲಿ ಆ ಹುಡುಗಿ ಫೋನಿನಲ್ಲಿ ದಶಮಾಂಶದ ಲೆಕ್ಕ ಪಟಪಟ ಹೇಳತೊಡಗಿದಾಗ ನಗು ನಿಂತಿತು. ಉಪಾಯ ನನ್ನದು, ಹೆಸರು ಆಕೆಗೆ. ಅವತ್ತೇ ಮಗಳಿಗೆ ಅಭ್ಯಾಸ ಹಾಳೆ ಎರಡು ಹೆಚ್ಚಿಗೆ ಕೊಟ್ಟೆ.

ಎಳ್ಳಮಾವಾಸ್ಯೆಗೆ ಎಲ್ಲರೂ ಖಟಕ ಚಿಂಚೋಳಿಯ ಹತ್ತಿರ ಇರುವ ಮನೆತನದ ಹೊಲಕ್ಕೆ ಹೋದೆವು. ಜೋಳದ ನಡುವೆ ಪೂಜೆ ಆಯಿತು. ಸಜ್ಜೆ ರೊಟ್ಟಿ, ಭಜ್ಜಿ ಬಡಿಸಿದ ಮೇಲೆ ನೆಗೆಣ್ಣಿ ಅಂಬಲಿಯ ಮಡಕೆ ಮುಂದಿಟ್ಟುಕೊಂಡು ಇಬ್ಬರು ಹುಡುಗಿಯರನ್ನೂ ಕರೆದಳು.

“ಇದ್ರಾಗ ಮೂರೂವರಿ ಲೀಟರ್ ಅಂಬಲಿ ಅದ. ಒಂದೊಂದು ಗಿಲಾಸಿಗಿ ಪಾವ್ ಲೀಟರ್ ಹಾಕಿದ್ರ ಎಷ್ಟು ಮಂದಿಗಿ ಬರ್ತದ?”

ಆಕೆಯ ಮಗಳು ಹದಿನಾಲ್ಕು ಎಂದಳು. ನನ್ನ ಮಗಳು ಬೆರಳಿನಿಂದ ಮಣ್ಣಿನ ಮೇಲೆ ಬರೆದು, ಮೂರೂವರೆಗೆ ಕಾಲನ್ನು ಗುಣಿಸಿ, ಎಂಟರಲ್ಲಿ ಏಳು ಭಾಗ ಎಂದಳು. ಒಬ್ಬ ಪೂರ್ತಿ ಮನುಷ್ಯನಿಗೂ ಸಾಲದ ಅಂಬಲಿ! ಕೂತವರೆಲ್ಲ ನಕ್ಕರು. ಮಗಳ ಮುಖ ಸಣ್ಣದಾಯಿತು, ನನ್ನ ಮುಖ ಕೆಂಪಾಯಿತು. ನೆಗೆಣ್ಣಿ ಒಬ್ಬಳೇ ನಗಲಿಲ್ಲ. ಅದಕ್ಕೂ ನನಗೆ ಸಿಟ್ಟು ಬಂತು. ಆಕೆ ನನ್ನ ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ಗ್ಲಾಸು ಗ್ಲಾಸಾಗಿ ಅಂಬಲಿ ಅಳೆಯಿಸಿದಳು. ಸಂಜೆ ಗಾಡಿ ಹತ್ತುವಾಗ ಮಗಳು, ತಾನು ಹದಿನೈದು ದಿನ ಭಾಲ್ಕಿಯಲ್ಲಿ ದೊಡ್ಡವ್ವನ ಹತ್ತಿರ ಇರುತ್ತೇನೆ ಎಂದಳು. ಎಲ್ಲರ ಎದುರಿಗೆ ಹೇಗೆ ಬೇಡ ಎನ್ನಲಿ?

ಮನೆಗೆ ಬಂದವಳೇ ಪಟ್ಟಿಯ ಮುಂದೆ ನಿಂತೆ. ಭಿನ್ನರಾಶಿಯಿಂದ ಭಾಗಿಸುವ ಪಾಠವನ್ನು ರಾಜ್ಯದ ಪುಸ್ತಕದಲ್ಲಿ ನಾನೇ ಹೊಡೆದು ಹಾಕಿದ್ದೆ, ವಿದೇಶಿ ಪುಸ್ತಕ ಅದನ್ನು ಚಿತ್ರದಲ್ಲಿ ಚಂದ ಹೇಳುತ್ತದೆ ಎಂದು. ತೆಗೆದು ನೋಡಿದರೆ ಆ ಪಾಠ ಇರುವುದು ಅದರ ಎರಡನೇ ಭಾಗದಲ್ಲಿ. ನಾನು ಪ್ರಿಂಟ್ ಹಾಕಿಸಿದ್ದು ಮೊದಲನೆಯದು ಮಾತ್ರ. ಕೇಂದ್ರದ ಪುಸ್ತಕದಿಂದ ಬರೀ ರೇಖಾಗಣಿತ ತೆಗೆದುಕೊಂಡಿದ್ದೆ. ನಾಲ್ಕು ಪುಸ್ತಕ ಇಟ್ಟುಕೊಂಡು, ಆ ಒಂದು ಪಾಠವನ್ನು ಮಗಳಿಗೆ ಯಾವುದರಿಂದಲೂ ಕಲಿಸಿರಲಿಲ್ಲ. ಒಂದೇ ಪುಸ್ತಕ ಹಿಡಿದವಳ ಮಗಳಿಗೆ ಅದು ಬಂದಿತ್ತು. ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ.

ಸುಮ್ಮನಿರುವವಳೇ ನಾನು? ಎರಡನೇ ಭಾಗ ಪ್ರಿಂಟ್ ಹಾಕಿಸಿದೆ. ಭಿನ್ನರಾಶಿಗೆಂದೇ ಇರುವ ಇನ್ನೊಂದು ಪುಸ್ತಕ ತಂದೆ. ಎಲ್ಲವನ್ನೂ ಚೀಲಕ್ಕೆ ತುಂಬಿ, ಹದಿನೈದು ದಿನ ಮುಗಿಯುವ ಮೊದಲೇ ಭಾಲ್ಕಿಯ ಬಸ್ಸು ಹತ್ತಿದೆ. ಮಗಳನ್ನು ಕರೆದುಕೊಂಡೇ ಬರುವುದೆಂದು ಗಟ್ಟಿ ಮಾಡಿದ್ದೆ.

ನೆಗೆಣ್ಣಿಯ ಮನೆಯ ಬಾಗಿಲು ತೆರೆದೇ ಇತ್ತು. ಪಡಸಾಲೆಯಲ್ಲಿ ಮಗಳು ಮತ್ತು ಆಕೆ ನೆಲದ ಮೇಲೆ ಎದುರುಬದುರು ಕೂತಿದ್ದರು, ಆಕೆಯ ಮಗಳು ಒಳಗೆಲ್ಲೋ ಇದ್ದಳು. ನಾನು ಬಂದದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ಭಾಗಿಸು ಎಂದರೆ ಪುಸ್ತಕದವರು ಕೆಳಗಿನದು ಮೇಲೆ ಮಾಡಿ ಯಾಕೆ ಗುಣಿಸುತ್ತಾರೆ, ತನಗೆ ನಿನ್ನೆಯಿಂದ ತಿಳಿಯುತ್ತಿಲ್ಲ ಎಂದು ನೆಗೆಣ್ಣಿ ಕೇಳುತ್ತಿದ್ದಳು. ಆಕೆಗೆ ನಿಜವಾಗಿಯೂ ತಿಳಿದಿರಲಿಲ್ಲ. ಮಡಕೆ, ಗ್ಲಾಸು ಇದ್ದರೆ ಲೆಕ್ಕ ಬರುತ್ತಿತ್ತು, ಬರವಣಿಗೆಯಲ್ಲಿ ಗೊಂದಲ. ಮಗಳು ಒಂದು ರೊಟ್ಟಿಯನ್ನು ನಾಲ್ಕು ತುಂಡು ಮಾಡಿ ಇಟ್ಟಿದ್ದಳು. ಒಂದು ರೊಟ್ಟಿಯಲ್ಲಿ ಕಾಲು ರೊಟ್ಟಿ ನಾಲ್ಕು ಸಲ ಇದೆ, ಮೂರು ರೊಟ್ಟಿಯಲ್ಲಿ ಎಷ್ಟು ಸಲ, ನೀನೇ ಹೇಳು ಎಂದು ದೊಡ್ಡವ್ವನನ್ನು ಜಬರ್ದಸ್ತಿಯಿಂದ ಕೇಳುತ್ತಿದ್ದಳು. ನನ್ನ ಮಗಳ ಬಾಯಲ್ಲಿ ಅಂಥ ದನಿಯನ್ನು ನಾನು ಕೇಳಿಯೇ ಇರಲಿಲ್ಲ.

ಬಾಗಿಲಲ್ಲಿ ನಿಂತೇ ನಾನು, ಅದಕ್ಕೆ ವ್ಯುತ್ಕ್ರಮ ಅನ್ನುತ್ತಾರೆ, ನಿಯಮ ಸುಲಭ ಇದೆ ಎಂದು ಶುರು ಮಾಡಿಬಿಟ್ಟೆ. ಮಗಳು ತಿರುಗಿ ನೋಡಿ ಬಾಯಿ ಮುಚ್ಚಿಕೊಂಡಳು. ಕೈಯಲ್ಲಿದ್ದ ರೊಟ್ಟಿಯ ತುಂಡನ್ನು ತಾಟಿನಲ್ಲಿಟ್ಟಳು. ನೆಗೆಣ್ಣಿ ಗಡಬಡಿಸಿ ಎದ್ದು, ಬಾ ತಂಗಿ ಎಂದು ನೀರು ತರಲು ಒಳಗೆ ಹೋದಳು.

ನಾನು ಚೀಲ ಇಳಿಸಿ ಮಗಳ ಪಕ್ಕ ಕೂತೆ. ಇಷ್ಟೆಲ್ಲ ಪುಸ್ತಕ ತಂದಿದ್ದೇನೆ, ದೊಡ್ಡವ್ವನ ಹತ್ತಿರ ಇರುವುದು ಒಂದೇ, ಆದರೂ ಅವಳೇ ಯಾಕೆ ಬೇಕು ಎಂದು ಕೇಳಿದೆ.

“ನಿನಗ ಎಲ್ಲಾ ಮೊದಲೇ ಗೊತ್ತಿರ್ತದ ಅವ್ವಾ. ನಾ ಹೇಳೂದ್ರಾಗ ನೀನೇ ಹೇಳಿಬಿಡ್ತಿ. ದೊಡ್ಡವ್ವಗ ಗೊತ್ತಿರಂಗಿಲ್ಲ, ಅದಕ್ಕ ನಾ ಹೇಳಬೇಕಾಗ್ತದ.”

“ಹಂಗಾದ್ರ ನಾನೂ ಗೊತ್ತಿಲ್ಲದಂಗ ಕುಂದರ್ಲೇನು?”

“ನಾಟಕ ಮಾಡಿದ್ರ ತಿಳೀತದವ್ವಾ.”

ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನೂ ಜಗಳಾಡಬಹುದಿತ್ತು. ನೀರು ತಂದ ನೆಗೆಣ್ಣಿಗೆ, ಗಣಿತ ಒಂದು ಇಲ್ಲೇ ಆಗಲಿ, ವಾರಕ್ಕೆ ಮೂರು ದಿನ ಕಳಿಸುತ್ತೇನೆ ಎಂದೆ. ಆಕೆ ಬೆರಗಾಗಿ ನನ್ನ ಕೈ ಹಿಡಿದುಕೊಂಡಳು. ಬೀಜಗಣಿತ ಬಂದರೆ ತನ್ನ ಕೈಲಾಗುವುದಿಲ್ಲ, ಅದರಲ್ಲಿ ತನಗೆ ಒಂದಕ್ಷರವೂ ತಿಳಿಯುವುದಿಲ್ಲ, ಆಗ ನೀನೇ ನೋಡಬೇಕು ಎಂದು ಸಂಕೋಚದಿಂದ ಹೇಳಿದಳು.

ತಿರುಗಿ ಬರುವಾಗ ಬಸ್ಸಿನಲ್ಲಿ ಆ ಮಾತನ್ನೇ ಮೆಲುಕು ಹಾಕಿದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಸಮಾಧಾನವಾಯಿತು. ಬೀಜಗಣಿತ ಬೇಗ ಬರಲಿ, ಆಕೆಗೆ ಒಂದಿಷ್ಟೂ ಅರ್ಥವಾಗದಿರಲಿ ಎಂದು ದೇವರನ್ನು ಬೇಡಿಕೊಂಡೆ. ಹಲಬರ್ಗಾ ದಾಟುವಷ್ಟರಲ್ಲಿ ಇನ್ನೊಂದು ಹೊಳೆಯಿತು. ಆಕೆಗೆ ಅರ್ಥವಾಗದಿದ್ದಷ್ಟೂ ನನ್ನ ಮಗಳು ಆಕೆಯ ಎದುರಿಗೇ ಕೂತು ಹೇಳಿಕೊಡುತ್ತಾಳೆ.