ಒಂದೇ ಸಾಲಿನಲ್ಲಿ ನಿಂತರೆ

ಪುಣೆಯ ಖರಾಡಿಯ ಆಫೀಸಿನ ಗೆಳೆಯನಿಂದ ಕೊಂಡ ನನ್ನ ಹಳೆಯ ಟೆಲಿ ಜೂಮ್ ಲೆನ್ಸಿನಲ್ಲಿ ದೋಷಗಳಿಗೇನೂ ಬರವಿರಲಿಲ್ಲ. ಪೂರ್ತಿ ಜೂಮ್ ಮಾಡಿದರೆ ಬೆಳಕಿಗೆ ಎದುರಾದ ಅಂಚುಗಳಿಗೆಲ್ಲ ನೇರಳೆ ಗೆರೆ ಮೂಡುತ್ತಿತ್ತು. ಎಲ್ಲ ಬಣ್ಣದ ಬೆಳಕೂ ಒಂದೇ ಕಡೆ ಕೂಡುವುದಿಲ್ಲ, ಅದಕ್ಕೇ ಹಾಗೆ ಎಂದು ವಿವರಿಸಲು ಹೋದರೆ ಹೆಂಡತಿ ಅದನ್ನು ಮಾರಿಬಿಡಿ ಎನ್ನುತ್ತಿದ್ದಳು. ನಾನು ಮರುಳಾಗಿದ್ದು ಅದರ ಒಂದೇ ಗುಣಕ್ಕೆ. ಮುಂದಿನ ಮುಖ ಸ್ಪಷ್ಟವಾಗಿ ನಿಂತು, ಹಿಂದಿನದೆಲ್ಲ ಬೆಣ್ಣೆಯ ಹಾಗೆ ಕರಗಿಹೋಗುತ್ತಿತ್ತು.

ತಂಗಿಯ ಕುಬಸ, ಅಂದರೆ ಸೀಮಂತ, ಕಾತ್ರಜದ ಕಡೆಯ ಒಂದು ಮಂಗಲ ಕಾರ್ಯಾಲಯದಲ್ಲಿ ನಡೆಯಿತು. ತುಂಬು ಬಸುರಿ ಹಸಿರು ಸೀರೆಯುಟ್ಟು ಕೂತಿದ್ದಳು. ಮುತ್ತೈದೆಯರು ಉಡಿ ತುಂಬಿ ಆರತಿ ಎತ್ತುತ್ತಿದ್ದರು. ನಾನು ದೂರದಲ್ಲಿ ನಿಂತು ಮನಸೋ ಇಚ್ಛೆ ಫೋಟೋ ತೆಗೆದೆ.

ನಡುವೆ ಕ್ಯಾಮೆರಾದ ಪರದೆಯಲ್ಲಿ ನೋಡುತ್ತೇನೆ, ಪ್ರತಿ ಫೋಟೋದಲ್ಲೂ ತಂಗಿಯ ಹೆಗಲ ಹಿಂದೆ ಒಂದು ನೀಲಿ ಮಸುಕು. ಅದು ನೀಲಿ ಸೀರೆಯುಟ್ಟ ನಮ್ಮ ಮೌಶಿ, ತಾಯಿಯ ತಂಗಿ. ತಾಯಿ ತೀರಿಕೊಂಡ ಮೇಲೆ ನಮ್ಮಿಬ್ಬರನ್ನೂ ಬೆಳೆಸಿದವಳು. ತಂಗಿ ತೊಟ್ಟಿದ್ದ ಹಸಿರು ಕುಪ್ಪಸ ಹೊಲಿದವಳೂ ಅವಳೇ. ಗಂಡ ತೀರಿಹೋದಾಗಿನಿಂದ ಇಂಥ ಕಾರ್ಯಗಳಲ್ಲಿ ಯಾರೂ ಹೇಳುವ ಮೊದಲೇ ತಾನೇ ಹಿಂದೆ ಸರಿದು ಗೋಡೆ ಹಿಡಿದು ನಿಲ್ಲುತ್ತಿದ್ದಳು. ನನಗೆ ಮೊದಲು ಲೆನ್ಸಿನ ಮೇಲೆ ಸಿಟ್ಟು ಬಂತು, ಆಮೇಲೆ ನಮ್ಮೆಲ್ಲರ ಮೇಲೆ.

ಲೆನ್ಸಿನ ಕಿಂಡಿ ಕಿರಿದು ಮಾಡಿದ್ದರೆ ಹಿಂದಿನವರೂ ತಕ್ಕಮಟ್ಟಿಗೆ ಕಾಣುತ್ತಿದ್ದರು. ಆದರೆ ಅವಳು ಹಿಂದೆ ನಿಂತೇ ಕಾಣುವುದು ನನಗೆ ಬೇಕಿರಲಿಲ್ಲ. ನೇರವಾಗಿ ತಂಗಿಯ ಅತ್ತೆಯ ಬಳಿ ಹೋದೆ. ಶಾಸ್ತ್ರದ ವಿಷಯದಲ್ಲಿ ಆಕೆ ಬಲು ಬಿಗಿ. ಫೋಟೋದ ವಿಷಯದಲ್ಲಿ ಅದಕ್ಕಿಂತ ಬಿಗಿ.

“ಈ ಲೆನ್ಸಿನಾಗ ಒಂದ ಸಾಲಿನಾಗ ನಿಂತವರಷ್ಟ ಛಂದ ಬರ್ತಾರ್ರಿ,” ಎಂದೆ. “ಹಿಂದ ಒಬ್ಬರು ನಿಂತ್ರ ಫೋಟೋ ಕೆಡ್ತದ.”

ಆಕೆ ಪರದೆಯ ಮೇಲಿನ ನೀಲಿ ಮಸುಕನ್ನೂ ನನ್ನ ಮುಖವನ್ನೂ ನೋಡಿದರು. ಎದ್ದು ಹೋಗಿ, ಬೇಡ ಬೇಡ ಎನ್ನುತ್ತಿದ್ದ ಮೌಶಿಯ ಕೈ ಹಿಡಿದು ಕರೆತಂದು ತಂಗಿಯ ಪಕ್ಕಕ್ಕೆ ನಿಲ್ಲಿಸಿದರು. ಸುತ್ತ ಒಂದು ಗಳಿಗೆ ಗುಸುಗುಸು ಎದ್ದು ಅಡಗಿತು. ತಂಗಿ ಮೌಶಿಯ ಅಂಗೈಯನ್ನು ತನ್ನ ಹೊಟ್ಟೆಯ ಮೇಲಿಟ್ಟುಕೊಂಡಳು. ನನ್ನ ಕಣ್ಣು ಮಂಜಾಗಿತ್ತು, ಪುಣ್ಯಕ್ಕೆ ಫೋಕಸ್ ಕ್ಯಾಮೆರಾದ ಕೆಲಸ.

ಆ ಫೋಟೋದಲ್ಲಿ ಕಿಟಕಿಯ ಬೆಳಕಿಗೆ ಮೌಶಿಯ ಬಿಳಿ ಕೂದಲ ಸುತ್ತ ನೇರಳೆ ಗೆರೆ ಬಂದಿದೆ. ಕಂಪ್ಯೂಟರಿನಲ್ಲಿ ಅಳಿಸುವುದು ಸುಲಭ, ಅಳಿಸಿಲ್ಲ.

ಊಟ ಮುಗಿಸಿ ಹೊರಡುವಾಗ ತಂಗಿಯ ಅತ್ತೆ ನನ್ನನ್ನು ಬಾಗಿಲ ಬಳಿ ನಿಲ್ಲಿಸಿ, ಯಾರಿಗೂ ಕೇಳದಂತೆ ಹೇಳಿದರು:

“ತೊಟ್ಟಿಲ ಕಾರ್ಯಕ್ಕೂ ಇದ ಲೆನ್ಸ್ ತಗೊಂಡ ಬರ್ರಿ. ಬ್ಯಾರೆ ತರಬ್ಯಾಡ್ರಿ.”